ಜೋಡಿ ಬದಲಿಸಿ ಕಲಿಯುವ ಕುಣಿತ

ಬೆಂಗಳೂರಿನ ವೈಟ್‌ಫೀಲ್ಡ್, ಮಾರತ್ತಹಳ್ಳಿ, ಎಲೆಕ್ಟ್ರಾನಿಕ್ ಸಿಟಿ ಕಡೆಯ ಡಾನ್ಸ್ ಸ್ಟುಡಿಯೊಗಳಲ್ಲಿ ಸಂಜೆ ಹೊತ್ತು, ವಾರಾಂತ್ಯಗಳಲ್ಲಿ ವಯಸ್ಕರಿಗೆಂದೇ ಜೋಡಿ ಕುಣಿತದ ತರಗತಿಗಳು ನಡೆಯುತ್ತವೆ. ಸಾಲ್ಸಾ, ಬಚಾಟಾಗಳಿಗೆ ಹೆಚ್ಚು ಜನ. ರಾಕ್ ಅಂಡ್ ರೋಲ್ ಮತ್ತು ಅದರ ಒಡಹುಟ್ಟಾದ ಜೈವ್‌ಗೆ ಅದಕ್ಕಿಂತ ಕಡಿಮೆ. ಸೇರಬೇಕೆಂದುಕೊಂಡವರಲ್ಲಿ ಎರಡು ಅಳುಕು ಸಾಮಾನ್ಯ. ಜೊತೆಗಾರರಿಲ್ಲದೆ ಒಬ್ಬರೇ ಹೋದರೆ ನಡೆದೀತೇ ಎಂಬುದು ಒಂದು. ಜೊತೆಗಾರರನ್ನು ಕರೆದುಕೊಂಡೇ ಹೋದರೆ ಕೊನೆಯವರೆಗೂ ಅವರೊಂದಿಗೇ ಕುಣಿಯಲು ಬಿಡುತ್ತಾರೆಯೇ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ನಿಯಮದಲ್ಲಿದೆ. ಕಲಿಯುವವರೆಲ್ಲ ಒಳಗೊಂದು ಹೊರಗೊಂದು ಸುತ್ತಾಗಿ ಎದುರುಬದುರು ನಿಲ್ಲುತ್ತಾರೆ. ಕೆಲವು ನಿಮಿಷಕ್ಕೊಮ್ಮೆ ಮಾಸ್ಟರ್ ‘ಚೇಂಜ್’ ಎಂದೊಡನೆ ಒಳಸುತ್ತಿನವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಹೊಸಬರ ಕೈ ಹಿಡಿಯುತ್ತಾರೆ. ಒಂದು ಗಂಟೆ ಮುಗಿಯುವಷ್ಟರಲ್ಲಿ ಎಲ್ಲರೂ ಬಹುಪಾಲು ಎಲ್ಲರೊಂದಿಗೆ ಕುಣಿದಿರುತ್ತಾರೆ. ಈ ನಿಯಮ ಅನೇಕರಿಗೆ ಹಿಡಿಸುವುದಿಲ್ಲ. ಗಂಡ ಹೆಂಡತಿ ಒಟ್ಟಿಗೆ ಬಂದವರಿಗೆ ಇರಿಸುಮುರಿಸು, ಒಬ್ಬರೇ ಬಂದವರಿಗೆ ಸಂಕೋಚ. ಹಾಗಾಗಿ ‘ಜೋಡಿಗಳಿಗೆ ಮಾತ್ರ, ಬದಲಾವಣೆ ಇಲ್ಲ’ ಎನ್ನುವ ತರಗತಿಗೆ ಹೋಗೋಣವೆಂದು ಹಲವರಿಗೆ ಅನಿಸುವುದು ಸಹಜ. ನನ್ನ ವಾದ ಇದಕ್ಕೆ ವಿರುದ್ಧವಾದದ್ದು. ಗುಂಪಿನಲ್ಲಿ ಜೋಡಿ ಕುಣಿತ ಕಲಿಯುವುದರಲ್ಲಿ ಇರುವ ಅತಿ ದೊಡ್ಡ ಲಾಭವೇ ಈ ನಿಯಮ. ಕುಣಿತ ಬರುವುದೂ ಅದರಿಂದಲೇ, ಬೆಂಗಳೂರಿನ ಹೊರವಲಯದ ಬದುಕಿಗೆ ಅದು ಕೊಡಬಲ್ಲದ್ದು ಬರುವುದೂ ಅದರಿಂದಲೇ.

ಮೊದಲು ಕುಣಿತದ ವಿಚಾರ. ರಾಕ್ ಅಂಡ್ ರೋಲ್‌ನ ಮೂಲ ಹೆಜ್ಜೆ ಸರಳ. ಎಡಕ್ಕೊಂದು ಹೆಜ್ಜೆ, ಬಲಕ್ಕೊಂದು ಹೆಜ್ಜೆ. ಆಮೇಲೆ ಒಂದು ಕಾಲನ್ನು ಹಿಂದಿಟ್ಟು ಒಡನೆಯೇ ಮುಂದಿನ ಕಾಲಿಗೆ ಭಾರ ಮರಳಿಸುವುದು. ಮೊದಲ ಎರಡು ಹೆಜ್ಜೆಗೆ ಎರಡೆರಡು ಏಟು, ಹಿಂದು ಮುಂದಿಗೆ ಒಂದೊಂದು ಏಟು, ಒಟ್ಟು ಆರು. ಹಾಡಾದರೋ ನಾಲ್ಕು ಏಟಿನ ಲೆಕ್ಕದಲ್ಲಿ ಸಾಗುತ್ತದೆ. ಆರರ ಹೆಜ್ಜೆ ನಾಲ್ಕರ ಹಾಡಿನ ಮೇಲೆ ಕೂತಾಗ ಎರಡೂ ಒಟ್ಟಿಗೆ ಮೊದಲಿಗೆ ಬರುವುದು ಹನ್ನೆರಡು ಏಟಿಗೊಮ್ಮೆ. ಈ ಬಗೆಯ ಅನೇಕ ಹಾಡುಗಳು ಬ್ಲೂಸ್ ಸಂಗೀತದಿಂದ ಬಂದ, ನಾಲ್ಕು ಏಟಿನ ಹನ್ನೆರಡು ಆವರ್ತಗಳ ಚೌಕಟ್ಟಿನಲ್ಲಿವೆ. ಅಂದರೆ ಒಂದು ಚರಣಕ್ಕೆ 48 ಏಟು. ಅದರಲ್ಲಿ ಆರರ ಹೆಜ್ಜೆ ಸರಿಯಾಗಿ ಎಂಟು ಸಲ ಹಿಡಿಸುತ್ತದೆ. ಆದಿತಾಳದ ಎಂಟು ಅಕ್ಷರದ ಮೇಲೆ ಮೂರರ ಲೆಕ್ಕ ಹಾಕಿ ಸಮಕ್ಕೆ ಬಂದು ಸೇರುವ ಮೃದಂಗದ ನುಡಿಕಾರಗಳನ್ನು ಕೇಳಿ ಬೆಳೆದ ಕಿವಿಗೆ ಈ ಲೆಕ್ಕ ಹೊಸದಲ್ಲ. ಹೀಗಿದ್ದೂ ಹೊಸಬರು ತಡವರಿಸುವುದು ವೇಗಕ್ಕೆ. ಸ್ಪರ್ಧೆಯ ಜೈವ್ ನಿಮಿಷಕ್ಕೆ ಸುಮಾರು 170 ಏಟಿನ ಓಟದಲ್ಲಿರುತ್ತದೆ. ಕಲಿಕೆಯ ತರಗತಿಯಲ್ಲಿ ಅದಕ್ಕಿಂತ ಎಷ್ಟೋ ನಿಧಾನದ ಹಾಡು ಹಾಕುತ್ತಾರೆ, ಹಾಕಬೇಕು ಕೂಡ.

ಆದರೆ ಹೆಜ್ಜೆ ಬಂದ ಮಾತ್ರಕ್ಕೆ ಜೋಡಿ ಕುಣಿತ ಬಂದಂತಲ್ಲ. ಈ ಕುಣಿತದಲ್ಲಿ ಮುಂಚಿತವಾಗಿ ಹೊಂದಿಸಿಟ್ಟ ಕ್ರಮವಿಲ್ಲ. ಒಬ್ಬರು ಲೀಡ್, ಇನ್ನೊಬ್ಬರು ಫಾಲೋ. ಮುಂದೆ ಏನು ಬರುತ್ತದೆ ಎಂಬುದನ್ನು ಲೀಡ್ ಆ ಕ್ಷಣದಲ್ಲಿ ತೀರ್ಮಾನಿಸುತ್ತಾರೆ. ಮಾತಿಲ್ಲದೆ, ಕೈಯ ಮೂಲಕವೇ ಅದು ಎದುರಿನವರಿಗೆ ತಿಳಿಯಬೇಕು. ಇಬ್ಬರ ಬೆರಳುಗಳು ಕೊಕ್ಕೆಯಂತೆ ಸೇರಿರುತ್ತವೆ, ಬಿಗಿಯಾಗಿ ಹಿಡಿಯುವುದಿಲ್ಲ. ಹಿಂದಿನ ಹೆಜ್ಜೆಯಲ್ಲಿ ಇಬ್ಬರೂ ತುಸುವೇ ದೂರ ಸರಿದಾಗ ತೋಳುಗಳ ನಡುವೆ ಹಿತವಾದ ಒಂದು ಎಳೆತ ಹುಟ್ಟುತ್ತದೆ. ಆ ಎಳೆತವೇ ಸುದ್ದಿ ಸಾಗುವ ದಾರಿ. ಕೈ ಮೇಲೆದ್ದರೆ ತಿರುಗು ಎಂದು, ಪಕ್ಕಕ್ಕೆ ತೆರೆದರೆ ಜಾಗ ಬದಲಿಸು ಎಂದು ಅರ್ಥ. ಫಾಲೋ ಮಾಡುವವರ ಕೆಲಸ ವಿಧೇಯತೆಯಲ್ಲ. ಬಂದ ಸುಳಿವನ್ನು ಓದಿ, ತಾಳ ತಪ್ಪದೆ, ತಮ್ಮದೇ ಹೆಜ್ಜೆಯಲ್ಲಿ ಅದನ್ನು ಪೂರ್ತಿ ಮಾಡುವುದು. ಸುಳಿವು ಅಸ್ಪಷ್ಟವಾದರೆ ತಪ್ಪು ಕೊಟ್ಟವರದು, ಓದಿದವರದಲ್ಲ. ಇದನ್ನು ಮೊದಲ ದಿನವೇ ಹೇಳಿಕೊಡುವ ಮಾಸ್ಟರ್ ಒಳ್ಳೆಯ ಮಾಸ್ಟರ್.

ಜೋಡಿ ಬದಲಾವಣೆ ಯಾಕೆ ಬೇಕು ಎಂಬುದು ಇಲ್ಲಿಂದಲೇ ಸ್ಪಷ್ಟವಾಗುತ್ತದೆ. ಒಬ್ಬರೊಂದಿಗೇ ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರು ಸುಳಿವನ್ನು ಓದುವುದನ್ನು ಬಿಟ್ಟು ಅನುಕ್ರಮವನ್ನು ಬಾಯಿಪಾಠ ಮಾಡುತ್ತಾರೆ. ಎರಡು ಮೂಲ ಹೆಜ್ಜೆಯಾದ ಮೇಲೆ ಒಂದು ತಿರುಗು, ಆಮೇಲೆ ಜಾಗ ಬದಲಾವಣೆ ಎಂದು ಇಬ್ಬರಿಗೂ ಗೊತ್ತಿರುತ್ತದೆ. ಲೀಡ್ ಕೈ ಎತ್ತುವ ಮೊದಲೇ ಫಾಲೋ ತಿರುಗಿ ಆಗಿರುತ್ತದೆ. ಚೆನ್ನಾಗಿ ಬರುತ್ತಿದೆ ಎಂಬ ಭ್ರಮೆ ಇಬ್ಬರಿಗೂ. ಹೊಸಬರೊಬ್ಬರು ಎದುರು ನಿಂತಾಗ ಆ ಭ್ರಮೆ ಉಳಿಯುವುದಿಲ್ಲ. ಎತ್ತರ ಬೇರೆ, ತೋಳಿನ ಉದ್ದ ಬೇರೆ, ಕೈಯ ಭಾರ ಬೇರೆ, ತಾಳಕ್ಕೆ ಸ್ಪಂದಿಸುವ ಚುರುಕು ಬೇರೆ. ಒಂದೇ ತಿರುಗನ್ನು ಹತ್ತು ಮಂದಿಗೆ ಹತ್ತು ಬಗೆಯಲ್ಲಿ ತಿಳಿಸಬೇಕಾಗುತ್ತದೆ. ಹಾಗೆ ತಿಳಿಸಲು ಬಂದಾಗ ಮಾತ್ರ ಆ ತಿರುಗು ನಿಜವಾಗಿ ಕಲಿತಂತೆ.

ಇದಕ್ಕೆ ಹತ್ತಿರದ ಪ್ರಯೋಗಾಧಾರವೂ ಇದೆ. ದೇಹದ ಕೌಶಲ ಹೇಗೆ ಬರುತ್ತದೆಂದು ಅಧ್ಯಯನ ಮಾಡಿದ ಶೀ ಮತ್ತು ಮಾರ್ಗನ್ ಎಂಬ ಅಮೆರಿಕದ ಸಂಶೋಧಕರು 1979ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೈಯಲ್ಲಿ ಟೆನಿಸ್ ಚೆಂಡು ಹಿಡಿದು ಮರದ ಪುಟ್ಟ ತಡೆಗಳನ್ನು ನಿಗದಿತ ಕ್ರಮದಲ್ಲಿ ಬೇಗ ಬೇಗ ಬೀಳಿಸುವ ಕೆಲಸ, ಕ್ರಮಗಳು ಮೂರು. ಒಂದು ಗುಂಪು ಒಂದು ಕ್ರಮವನ್ನು ಪೂರ್ತಿ ಅಭ್ಯಾಸ ಮಾಡಿ ಆಮೇಲೆ ಇನ್ನೊಂದಕ್ಕೆ ಹೋಯಿತು. ಇನ್ನೊಂದು ಗುಂಪು ಮೂರನ್ನೂ ಕಲಸಿ, ಮುಂದೆ ಯಾವುದು ಬರುತ್ತದೆಂದು ಗೊತ್ತಿಲ್ಲದಂತೆ ಅಭ್ಯಾಸ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಮುಂದು. ಕೆಲ ದಿನ ಬಿಟ್ಟು ಪರೀಕ್ಷಿಸಿದಾಗ ನೆನಪು ಗಟ್ಟಿಯಾಗಿ ಉಳಿದದ್ದು ಎರಡನೆಯ ಗುಂಪಿಗೆ. ಅಭ್ಯಾಸದಲ್ಲಿ ಬದಲಾವಣೆ ಹೆಚ್ಚಿದಷ್ಟೂ ಆಗ ಕಷ್ಟ, ಕಲಿತದ್ದು ಉಳಿಯುವುದು ಹೆಚ್ಚು. ನಂತರ ಬೇರೆ ಬೇರೆ ಕೌಶಲಗಳಲ್ಲಿಯೂ ಇದನ್ನು ಪರೀಕ್ಷಿಸಿದ್ದಾರೆ. ಪ್ರಯೋಗಾಲಯದಲ್ಲಿ ಕಂಡಷ್ಟು ಸ್ಪಷ್ಟವಾಗಿ ಎಲ್ಲ ಕಡೆ ಕಂಡಿಲ್ಲ ಎಂಬುದು ನಿಜ. ಆದರೂ ಜೋಡಿ ಬದಲಿಸುವ ತರಗತಿಯಲ್ಲಿ ‘ಏನೂ ಬರುತ್ತಿಲ್ಲ’ ಎಂದು ಮೊದಲ ತಿಂಗಳು ಅನಿಸುವುದಕ್ಕೆ ಇದೊಂದು ಸಮಂಜಸ ವಿವರಣೆ. ಆ ತಡವರಿಕೆ ಕಲಿಕೆಯ ಸೋಲಲ್ಲ, ಕಲಿಕೆ ನಡೆಯುತ್ತಿರುವ ಗುರುತು.

ದಂಪತಿಗಳಿಗೂ ಈ ನಿಯಮದಿಂದ ಉಪಕಾರವೇ. ಮನೆಯವರು ಮನೆಯವರನ್ನು ತಿದ್ದುವಾಗ ತಾಳ್ಮೆ ಕಡಿಮೆ. ಅಪರಿಚಿತರ ಮುಂದೆ ಅದೇ ತಪ್ಪಿಗೆ ‘ಪರವಾಗಿಲ್ಲ, ಮತ್ತೊಮ್ಮೆ’ ಎನ್ನುತ್ತೇವೆ. ನಾಲ್ಕು ಕೈ ದಾಟಿ ತಮ್ಮವರ ಬಳಿಗೆ ಮರಳುವ ಹೊತ್ತಿಗೆ ತಪ್ಪು ತಮ್ಮದೋ ಅವರದೋ ಎಂಬುದು ಇಬ್ಬರಿಗೂ ಜಗಳವಿಲ್ಲದೆ ತಿಳಿದಿರುತ್ತದೆ. ಒಬ್ಬರೇ ಬಂದವರಿಗಂತೂ ಈ ನಿಯಮವಿಲ್ಲದಿದ್ದರೆ ತರಗತಿಯೇ ಇಲ್ಲ. ‘ನನಗೆ ತಾಳಜ್ಞಾನವೇ ಇಲ್ಲ’ ಎನ್ನುವವರಿಗೆ ಒಂದು ಮಾತು: ತಾಳವನ್ನು ಹಿಡಿಯಲು ಹುಟ್ಟಿನಿಂದಲೇ ಆಗದ ಒಬ್ಬ ಯುವಕನ ಬಗ್ಗೆ ಕೆನಡಾದ ಸಂಶೋಧಕರು 2011ರಲ್ಲಿ ಬರೆದಾಗ ಅದು ವಿಜ್ಞಾನ ಲೋಕದಲ್ಲಿ ಸುದ್ದಿಯಾಯಿತು, ಅಂಥವರು ಅಷ್ಟು ಅಪರೂಪ. ಉಳಿದ ನಮಗೆಲ್ಲ ಕೊರತೆಯಿರುವುದು ಅಭ್ಯಾಸದ್ದು. ಮೂವತ್ತೈದು ದಾಟಿದ ಮೇಲೆ ಯಾರ ಮುಂದೆಯೂ ತಪ್ಪು ಮಾಡುವ ಅಭ್ಯಾಸ ನಮಗೆ ಉಳಿದಿಲ್ಲ. ಕೆಲಸದಲ್ಲಿ ಗೊತ್ತಿರುವವರಂತೆ ಇರಬೇಕು, ಮನೆಯಲ್ಲಿ ಮಕ್ಕಳಿಗೆ ಕಲಿಸುವವರಂತೆ ಇರಬೇಕು. ಎಲ್ಲರೂ ಒಟ್ಟಿಗೆ ತಡವರಿಸುವ ಜಾಗ ವಯಸ್ಕರಿಗೆ ಬಹಳ ಕಡಿಮೆ.

ಬೆಂಗಳೂರಿನ ಹೊರವಲಯದಲ್ಲಿ ಇನ್ನೂ ಕಡಿಮೆ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65 ಲಕ್ಷ ಇದ್ದದ್ದು 2011ರ ಜನಗಣತಿಗೆ 96 ಲಕ್ಷವಾಯಿತು. ಹೀಗೆ ಬಂದು ನೆಲೆಸಿದವರಲ್ಲಿ ದೊಡ್ಡ ಪಾಲು ಇದ್ದದ್ದು ಈ ಹೊರವಲಯಗಳಲ್ಲಿ. 1978ರ ಹೊತ್ತಿಗೆ ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್, ಅದರ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ, ಕಟ್ಟಲು ಹೊರಟ ಎಲೆಕ್ಟ್ರಾನಿಕ್ ಸಿಟಿಯಾಗಲಿ, 1990ರ ದಶಕದಲ್ಲಿ ಐಟಿಪಿಎಲ್ ಟೆಕ್ ಪಾರ್ಕ್ ಬಂದ ಮೇಲೆ ಬೆಳೆದ ವೈಟ್‌ಫೀಲ್ಡ್ ಆಗಲಿ, ಕೆಲಸಕ್ಕಾಗಿ ಕಟ್ಟಿದ ಊರುಗಳು. ಇಲ್ಲಿ ಪರಿಚಯವೆಂದರೆ ಆಫೀಸಿನ ತಂಡ, ಇಲ್ಲವೇ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪು, ಇಲ್ಲವೇ ತಮ್ಮ ತಮ್ಮ ಭಾಷೆಯವರ ಸಂಘ. ಕೆಲಸ ಬದಲಾದರೆ ಮೊದಲನೆಯದು ಹೋಗುತ್ತದೆ, ಮನೆ ಬದಲಾದರೆ ಎರಡನೆಯದು. ಕನ್ನಡದವರು, ತೆಲುಗಿನವರು, ಬಂಗಾಳದವರು, ಬಿಹಾರದವರು ಒಂದೇ ಲಿಫ್ಟಿನಲ್ಲಿ ವರ್ಷಗಟ್ಟಲೆ ಓಡಾಡಿಯೂ ಒಬ್ಬರಿಗೊಬ್ಬರು ಹೆಸರು ಹೇಳಿಕೊಂಡಿರುವುದಿಲ್ಲ. ಜೋಡಿ ಬದಲಿಸುವ ತರಗತಿಯಲ್ಲಿ ಹೊಸಬರ ಕೈ ಹಿಡಿಯುವ ಮೊದಲು ಹೆಸರು ಹೇಳಬೇಕು, ಮುಖ ನೋಡಬೇಕು, ಎರಡು ನಿಮಿಷ ಅವರ ಅನುಕೂಲಕ್ಕೆ ತನ್ನನ್ನು ಹೊಂದಿಸಿಕೊಳ್ಳಬೇಕು. ಹುದ್ದೆ ಕೇಳಬೇಕಾಗಿಲ್ಲ, ಊರು ಕೇಳಬೇಕಾಗಿಲ್ಲ. ಹೀಗೆ ಒಂದು ಸಂಜೆಗೆ ಹತ್ತಾರು ಮಂದಿ.

ಒಟ್ಟಿಗೆ ಕುಣಿಯುವುದು ಜನರನ್ನು ಹತ್ತಿರ ತರುತ್ತದೆ ಎಂಬುದು ಬರೀ ಭಾವನೆಯ ಮಾತಲ್ಲ. ಆಕ್ಸ್‌ಫರ್ಡ್‌ನ ಸಂಶೋಧಕರು ಬ್ರೆಜಿಲ್‌ನಲ್ಲಿ 264 ವಿದ್ಯಾರ್ಥಿಗಳನ್ನು ಪುಟ್ಟ ಗುಂಪುಗಳಲ್ಲಿ ಕುಣಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಜ್ಜೆಗೆ ಹೆಜ್ಜೆ ಸೇರಿಸಿ ಕುಣಿದವರು ಗುಂಪಿನ ಇತರರಿಗೆ ತಾವು ಹತ್ತಿರವೆಂದು ಹೆಚ್ಚಾಗಿ ಹೇಳಿದರು. ನೋವು ತಾಳುವ ಶಕ್ತಿಯೂ ಅವರಲ್ಲಿ ಏರಿತ್ತು. ತೋಳಿಗೆ ರಕ್ತದೊತ್ತಡದ ಪಟ್ಟಿ ಬಿಗಿದು ಅದನ್ನು ಅಳೆದಿದ್ದರು. ಮೈ ದಣಿಯುವುದು ಮತ್ತು ಹೆಜ್ಜೆ ಕೂಡುವುದು ಬೇರೆ ಬೇರೆಯಾಗಿಯೇ ಈ ಪರಿಣಾಮ ಕೊಡುತ್ತವೆ ಎಂಬುದು ಅವರು ಕಂಡ ಮುಖ್ಯ ಸಂಗತಿ. ಮರೆವಿನ ಕಾಯಿಲೆಯ ಬಗ್ಗೆ 2003ರಲ್ಲಿ ನ್ಯೂಯಾರ್ಕಿನಿಂದ ಬಂದ ಅಧ್ಯಯನವನ್ನೂ ಡಾನ್ಸ್ ಶಾಲೆಗಳು ಆಗಾಗ ಉಲ್ಲೇಖಿಸುತ್ತವೆ. 75 ವರ್ಷ ದಾಟಿದ 469 ಮಂದಿಯನ್ನು ವರ್ಷಗಳ ಕಾಲ ಗಮನಿಸಿದಾಗ, ದೈಹಿಕ ಚಟುವಟಿಕೆಗಳ ಪೈಕಿ ಮರೆವಿನ ಅಪಾಯ ಕಡಿಮೆಯಿದ್ದದ್ದು ಕುಣಿಯುವವರಲ್ಲಿ ಮಾತ್ರ. ಈ ಅಧ್ಯಯನವನ್ನು ಎಚ್ಚರಿಕೆಯಿಂದ ಓದಬೇಕು. ಕುಣಿದದ್ದರಿಂದ ಮಿದುಳು ಚುರುಕಾಯಿತೋ, ಚುರುಕಾಗಿದ್ದವರೇ ಕುಣಿಯುತ್ತಿದ್ದರೋ ಎಂಬುದನ್ನು ಬರೀ ಗಮನಿಸಿದ ಮಾತ್ರಕ್ಕೆ ಹೇಳಲಾಗದು. ಔಷಧಿಯ ಹಾಗೆ ಇದನ್ನು ಮಾರಬಾರದು.

ಜಿಮ್, ಜುಂಬಾ ಸಾಲದೇ ಎಂಬ ಪ್ರಶ್ನೆಗೂ ಇಲ್ಲೇ ಉತ್ತರಿಸಬಹುದು. ಬೆವರು ಹರಿಸಲು ಅವು ಸಾಕು. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ, ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ. ಇಂಥ ದೇಶದಲ್ಲಿ ಯಾರು ಯಾವ ಬಗೆಯಲ್ಲಿ ಮೈ ಬಗ್ಗಿಸಿದರೂ ಒಳ್ಳೆಯದೇ. ಆದರೆ ಜುಂಬಾದಲ್ಲಿ ಎಲ್ಲರೂ ಒಂದು ಕಡೆ ಮುಖ ಮಾಡಿ ನಿಂತಿರುತ್ತಾರೆ, ಪಕ್ಕದವರು ಬಾರದಿದ್ದರೂ ಕುಣಿತ ನಡೆಯುತ್ತದೆ. ಯೂಟ್ಯೂಬ್ ನೋಡಿ ಹೆಜ್ಜೆ ಕಲಿಯಬಹುದು, ಇನ್ನೊಬ್ಬರ ಕೈಯ ಸುಳಿವು ಓದುವುದನ್ನು ಕಲಿಯಲಾಗದು. ನಮ್ಮ ವಯಸ್ಕರು ಕುಣಿತ ಕಲಿಯುವುದೇ ಸಾಮಾನ್ಯವಾಗಿ ವೇದಿಕೆಗಾಗಿ: ಕಂಪನಿಯ ವಾರ್ಷಿಕೋತ್ಸವ, ನವೆಂಬರಿನ ರಾಜ್ಯೋತ್ಸವ, ಮದುವೆಯ ಸಂಗೀತ ಕಾರ್ಯಕ್ರಮ, ಈಚೆಗೆ ರೀಲ್ಸ್. ಅದೂ ಬೇಕು. ಆದರೆ ಕಾರ್ಯಕ್ರಮ ಮುಗಿದ ಮರುದಿನ ಆ ಹೆಜ್ಜೆಗಳು ಮರೆತುಹೋಗುತ್ತವೆ, ಏಕೆಂದರೆ ಅವು ಒಂದು ಹಾಡಿಗೆ, ಒಂದು ಗುಂಪಿಗೆ ಕಟ್ಟಿದವು. ಜೋಡಿ ಕುಣಿತದಲ್ಲಿ ಕಲಿತದ್ದು ಯಾವ ಹಾಡಿಗೂ, ಯಾರ ಜೊತೆಗೂ ಆಗುತ್ತದೆ.

ಇದು ನಮ್ಮದಲ್ಲ, ಪರದೇಶದ ಕುಣಿತ ಎಂಬ ಆಕ್ಷೇಪ ಗಂಭೀರವಾದದ್ದು, ಗಂಭೀರವಾಗಿಯೇ ಉತ್ತರಿಸಬೇಕು. ರಾಕ್ ಅಂಡ್ ರೋಲ್ ಕುಣಿತದ ತಾಯಿ ಲಿಂಡಿ ಹಾಪ್. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಜನರು 1920ರ ದಶಕದ ಕೊನೆಯಲ್ಲಿ ಕಟ್ಟಿದ ಕುಣಿತ ಅದು. 1926ರಲ್ಲಿ ಅಲ್ಲಿ ತೆರೆದ ಸವಾಯ್ ಬಾಲ್‌ರೂಮ್, ಕರಿಯರು ಬಿಳಿಯರು ಒಂದೇ ನೆಲದ ಮೇಲೆ ಕುಣಿಯಬಹುದಾಗಿದ್ದ, ಆ ಕಾಲಕ್ಕೆ ಅಪರೂಪದ ಸಭಾಂಗಣ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರೊಂದಿಗೆ ಕುಣಿತ ಸಮುದ್ರ ದಾಟಿ ಬ್ರಿಟನ್ನಿನಲ್ಲಿ ಜೈವ್ ಎನಿಸಿಕೊಂಡಿತು. 1955ರ ಸುಮಾರಿಗೆ ಬಿಲ್ ಹೇಲಿ, ಎಲ್ವಿಸ್ ಪ್ರೆಸ್ಲಿಯವರ ಹಾಡುಗಳೊಂದಿಗೆ ರಾಕ್ ಅಂಡ್ ರೋಲ್ ಆಗಿ ಹರಡಿತು. ಬೆಂಗಳೂರಿಗೆ ಇದು ನಿನ್ನೆ ಮೊನ್ನೆ ಬಂದದ್ದಲ್ಲ. ವೈಟ್‌ಫೀಲ್ಡ್ ಎಂಬ ಊರೇ ಹುಟ್ಟಿದ್ದು ಆಂಗ್ಲೋ ಇಂಡಿಯನ್ನರಿಗಾಗಿ. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಡಿ.ಎಸ್. ವೈಟ್ ಅವರ ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು ನಾಲ್ಕು ಸಾವಿರ ಎಕರೆ ಕೊಟ್ಟರು. ಇನ್ನರ್ ಸರ್ಕಲ್ ಎಂದು ಇಂದೂ ಕರೆಯುವ ವೃತ್ತ ಆ ವಸಾಹತಿನ ನಡುಭಾಗ. ದಂಡು ಪ್ರದೇಶದ, ರೈಲ್ವೆ ಕಾಲೊನಿಗಳ, ಕೋಲಾರ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ ಜೈವ್ ಮದುವೆಮನೆಯ, ಕ್ರಿಸ್‌ಮಸ್ಸಿನ ಕುಣಿತವಾಗಿ ತಲೆಮಾರುಗಳಿಂದ ಬಂದಿದೆ. ಅದು ಈ ನೆಲದ ಒಂದು ಸಮುದಾಯದ ಸ್ವತ್ತು. ಐಟಿ ಕಂಪನಿಗಳ ಜೊತೆ ಬಂದದ್ದೆಂದು ತಿಳಿದರೆ ಅವರ ಇತಿಹಾಸವನ್ನೇ ಅಳಿಸಿದಂತಾಗುತ್ತದೆ.

ಇನ್ನು ಜೋಡಿ ಬದಲಿಸಿ ಕುಣಿಯುವ ವಿಧಾನವಂತೂ ಕನ್ನಡ ನಾಡಿಗೆ ಹೊಸದೇ ಅಲ್ಲ. ಕೋಲಾಟದಲ್ಲಿ ಒಳಸುತ್ತು ಹೊರಸುತ್ತುಗಳು ಎದುರುಬದುರಾಗಿ ಸರಿಯುತ್ತ, ಪ್ರತಿಸಲವೂ ಹೊಸ ಎದುರಾಳಿಯ ಕೋಲಿಗೆ ಕೋಲು ತಾಗಿಸುವ ಮಟ್ಟುಗಳು ಎಷ್ಟೋ ಇವೆ. ಜಡೆ ಕೋಲಾಟದಲ್ಲಿ ಮೇಲಿನಿಂದ ಇಳಿಬಿಟ್ಟ ಹಗ್ಗಗಳನ್ನು ಹಿಡಿದು, ಒಬ್ಬರನ್ನೊಬ್ಬರು ದಾಟುತ್ತ ಜಡೆ ಹೆಣೆದು ಮತ್ತೆ ಬಿಚ್ಚುತ್ತಾರೆ. ಒಬ್ಬರು ದಾರಿ ತಪ್ಪಿದರೆ ಇಡೀ ಜಡೆ ಕೆಡುತ್ತದೆ. ಎಲ್ಲರೂ ಎಲ್ಲರಿಗೆ ಹೊಂದಿಕೊಳ್ಳಬೇಕೆಂಬ ಶಿಸ್ತು ಅಲ್ಲೂ ಇಲ್ಲೂ ಒಂದೇ. ವ್ಯತ್ಯಾಸವೂ ದೊಡ್ಡದಿದೆ. ನಮ್ಮಲ್ಲಿ ಕೋಲಾಟವನ್ನು ಬಹಳ ಕಡೆ ಗಂಡಸರು ಗಂಡಸರು, ಹೆಂಗಸರು ಹೆಂಗಸರು ಆಡುತ್ತಾರೆ. ನಡುವೆ ಕೋಲಿರುತ್ತದೆ, ಕೈ ಹಿಡಿಯುವುದಿಲ್ಲ. ಕೊಡಗಿನ ಮದುವೆಯಲ್ಲಿ ವಾಲಗಕ್ಕೆ ಗಂಡು ಹೆಣ್ಣೆನ್ನದೆ ಎಲ್ಲರೂ ಕುಣಿದರೂ ಜೋಡಿ ಕಟ್ಟುವುದಿಲ್ಲ. ಅಪರಿಚಿತ ಗಂಡು ಹೆಣ್ಣು ಕೈ ಹಿಡಿದು ಕುಣಿಯುವುದು ನಮ್ಮಲ್ಲಿ ಹೆಚ್ಚಿನ ಮನೆಗಳಿಗೆ ಹೊಸದು. ಇದನ್ನು ಮುಚ್ಚಿಟ್ಟು ಮಾತಾಡಿ ಪ್ರಯೋಜನವಿಲ್ಲ.

ಹಾಗಾಗಿ ಸ್ಪರ್ಶದ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದ ಆಕ್ಷೇಪ. ಹೆಣ್ಣುಮಕ್ಕಳ ಅಳುಕು ಕಲ್ಪನೆಯಲ್ಲ. ಬಸ್ಸಿನಲ್ಲಿ, ಜಾತ್ರೆಯಲ್ಲಿ, ಹೊಸವರ್ಷದ ರಾತ್ರಿಯ ರಸ್ತೆಯಲ್ಲಿ ಅವರಿಗಾದ ಅನುಭವದಿಂದ ಬಂದದ್ದು. ಇದಕ್ಕೆ ‘ನಮ್ಮ ತರಗತಿಯವರೆಲ್ಲ ಒಳ್ಳೆಯವರು’ ಎಂಬ ಭರವಸೆ ಉತ್ತರವಾಗದು. ನಿಯಮ ಬೇಕು, ಅದನ್ನು ಮೊದಲ ದಿನವೇ ಎಲ್ಲರ ಮುಂದೆ ಹೇಳಬೇಕು. ಕಾರಣ ಕೊಡದೆ ಯಾರೊಂದಿಗಾದರೂ ಕುಣಿಯಲಾರೆ ಎನ್ನುವ ಹಕ್ಕು ಎಲ್ಲರಿಗೂ ಇದೆ ಎಂದು, ಕೈ ಎಲ್ಲಿರಬೇಕೋ ಅಲ್ಲೇ ಇರಬೇಕೆಂದು, ದೂರು ಬಂದರೆ ತರಗತಿಯಿಂದ ಹೊರಗೆಂದು. ಮಾಸ್ಟರರೂ ಈ ನಿಯಮಕ್ಕೆ ಹೊರತಲ್ಲ. ಇಲ್ಲಿ ರಾಕ್ ಅಂಡ್ ರೋಲ್‌ಗೆ ಒಂದು ಅನುಕೂಲವಿದೆ. ಬಚಾಟಾದಂತೆ ಇದು ಮೈಗೆ ಮೈ ತಾಗಿ ಕುಣಿಯುವಂಥದ್ದಲ್ಲ. ಬಹುಪಾಲು ತೋಳಳತೆಯ ಅಂತರದಲ್ಲಿ, ಬೆರಳ ತುದಿಯ ಹಿಡಿತದಲ್ಲೇ ನಡೆಯುತ್ತದೆ. ಸಂಕೋಚದ ಸಮಾಜದಲ್ಲಿ ಜೋಡಿ ಕುಣಿತಕ್ಕೆ ಮೊದಲ ಮೆಟ್ಟಿಲಾಗಲು ಇದಕ್ಕಿಂತ ತಕ್ಕದ್ದು ನನಗೆ ಕಾಣುವುದಿಲ್ಲ. ಜೋಡಿ ಬದಲಾವಣೆ ಅಪಾಯವನ್ನು ಹೆಚ್ಚಿಸುತ್ತದೆಂದು ಮೇಲ್ನೋಟಕ್ಕೆ ಅನಿಸಬಹುದು. ಆದರೆ ತುಂಬಿದ ಬೆಳಕಿನಲ್ಲಿ, ಎಲ್ಲರ ಕಣ್ಣೆದುರು, ಎರಡೇ ನಿಮಿಷಕ್ಕೆ ಮುಗಿಯುವ ಜೊತೆಯಲ್ಲಿ ಒಬ್ಬರಿಗೆ ಅಂಟಿಕೊಳ್ಳಲು ಅವಕಾಶ ಕಡಿಮೆ. ಒಬ್ಬರ ನಡತೆ ಸರಿಯಿಲ್ಲದಿದ್ದರೆ ಹತ್ತು ಮಂದಿಗೆ ತಿಳಿಯುತ್ತದೆ. ದೂರುವ ಹೆಣ್ಣುಮಗಳು ಒಂಟಿಯಾಗುವುದಿಲ್ಲ.

ಕುಣಿತವೆಂದರೆ ಬಾರು, ಕುಡಿತ ಎಂಬ ನಂಟನ್ನು ಬೆಂಗಳೂರಿನಲ್ಲಿ ಕಾನೂನಿನ ಚರ್ಚೆಯೂ ಗಟ್ಟಿ ಮಾಡಿದೆ. ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಪರವಾನಗಿ ಕಡ್ಡಾಯ ಮಾಡಿದ ಪೊಲೀಸ್ ಆಯುಕ್ತರ 2005ರ ಆದೇಶದ ಬಗ್ಗೆ ವರ್ಷಗಟ್ಟಲೆ ವ್ಯಾಜ್ಯ ನಡೆದು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವ್ಯಾಜ್ಯ ಲೈವ್ ಬ್ಯಾಂಡ್, ಡಾನ್ಸ್ ಬಾರ್‌ಗಳದ್ದು. ಸಂಜೆ ಏಳಕ್ಕೆ ನೀರಿನ ಬಾಟಲಿ, ಟವೆಲು ಹಿಡಿದು ಬಂದು ಎಂಟಕ್ಕೆ ಮನೆಗೆ ಹೋಗುವ ತರಗತಿಗೂ ಅದಕ್ಕೂ ಸಂಬಂಧವಿಲ್ಲ.

ಗಂಡಸರು ಹೆಚ್ಚು, ಹೆಂಗಸರು ಕಡಿಮೆ ಬಂದರೆ, ಅಥವಾ ಅದರ ತಿರುಗುಮುರುಗಾದರೆ ಏನು ಮಾಡುವುದು? ಬದಲಾವಣೆಯ ನಿಯಮವಿದ್ದಲ್ಲಿ ಇದು ದೊಡ್ಡ ತೊಡಕಲ್ಲ; ಜೋಡಿ ಸಿಗದವರು ಒಂದೊಂದು ಸರದಿ ಕಾಯುತ್ತಾರೆ. ಇದಕ್ಕಿಂತ ಒಳ್ಳೆಯ ದಾರಿಯೂ ಇದೆ. ಲೀಡ್ ಎಂದರೆ ಗಂಡು, ಫಾಲೋ ಎಂದರೆ ಹೆಣ್ಣು ಎಂಬ ಕಟ್ಟಳೆ ಕುಣಿತದ ಒಳಗಿಲ್ಲ. ಬ್ಯೂನಸ್ ಐರಿಸ್‌ನ ಹಳೆಯ ಟ್ಯಾಂಗೊ ಅಭ್ಯಾಸಕೂಟಗಳಲ್ಲಿ ಗಂಡಸರು ಗಂಡಸರೊಂದಿಗೇ, ಮೊದಲು ಫಾಲೋ ಕಲಿತು ಆಮೇಲೆ ಲೀಡ್ ಕಲಿಯುತ್ತಿದ್ದರು. ಎರಡೂ ಪಾತ್ರ ತಿಳಿದವರು ಎದುರಿನವರ ಕಷ್ಟ ಬಲ್ಲವರಾಗುತ್ತಾರೆ. ಮೀಟಿಂಗಿನಲ್ಲಿ ಯಾವಾಗಲೂ ಆದೇಶಿಸುವವರು ಒಂದು ಗಂಟೆ ಇನ್ನೊಬ್ಬರ ಸುಳಿವಿಗೆ ಕಾಯುವುದನ್ನು ಕಲಿತರೆ ಕೆಲಸಕ್ಕೂ ಒಳ್ಳೆಯದು.

ಸಮಯ ಎಲ್ಲಿದೆ ಎಂಬ ಮಾತಿಗೆ ಹೊರವರ್ತುಲ ರಸ್ತೆಯಲ್ಲಿ ಓಡಾಡುವವರ ಮುಂದೆ ಉಪದೇಶ ಮಾಡುವಂತಿಲ್ಲ. ಆದರೂ ಪರಿಸ್ಥಿತಿ ಸ್ವಲ್ಪ ಬದಲಾಗಿದೆ. 2023ರಲ್ಲಿ ನೇರಳೆ ಮೆಟ್ರೊ ವೈಟ್‌ಫೀಲ್ಡ್ ಮುಟ್ಟಿತು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಮೂಲಕ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ತೆರೆಯಿತು. ಹೀಗಿದ್ದರೂ ಕೆಲಸ ಮುಗಿಸಿ ಇಂದಿರಾನಗರ, ಕೋರಮಂಗಲಕ್ಕೆ ಹೋಗಿ ಕಲಿಯಿರಿ ಎನ್ನುವುದು ನ್ಯಾಯವಲ್ಲ. ಮನೆ ಹತ್ತಿರ, ಆಫೀಸಿನ ಹತ್ತಿರ ತರಗತಿ ಇರಬೇಕು. ಅಪಾರ್ಟ್‌ಮೆಂಟುಗಳ ಕ್ಲಬ್‌ಹೌಸ್ ಹಾಲ್‌ಗಳು ವಾರದ ದಿನಗಳಲ್ಲಿ ಬಹುತೇಕ ಖಾಲಿ. ಒಂದು ಎಚ್ಚರಿಕೆ ಮಾತ್ರ ಬೇಕು. ಅಲ್ಲಿನ ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ನೆಲ ಮೊಣಕಾಲಿಗೆ ಗಟ್ಟಿ, ಬೆವರು ಬಿದ್ದರೆ ಜಾರು. ಮರದ ನೆಲವಿದ್ದರೆ ಸರಿ. ಇಲ್ಲದಿದ್ದರೆ ನೆಗೆಯದೆ ಪುಟ್ಟ ಹೆಜ್ಜೆಯಲ್ಲಿ ಕುಣಿಯಬೇಕು. ಕಚ್ಚಿ ಹಿಡಿಯುವ ರಬ್ಬರ್ ಅಟ್ಟೆಯ ಓಟದ ಶೂಗಳನ್ನು ಬಿಡಬೇಕು. ಪಾದ ತಿರುಗದೆ ಮೊಣಕಾಲು ತಿರುಗುವುದು ನೋವಿಗೆ ದಾರಿ. ಮೊದಲ ತಿಂಗಳಲ್ಲೇ ಎತ್ತಿ ಹಾರಿಸುವ ಪಟ್ಟುಗಳನ್ನು ಕಲಿಸುತ್ತೇವೆ ಎನ್ನುವವರ ಬಳಿ ಹೋಗಬಾರದು. ಲಿಂಡಿ ಹಾಪ್ ಕುಣಿತಗಾರ ಫ್ರ್ಯಾಂಕಿ ಮ್ಯಾನಿಂಗ್ 1935ರಲ್ಲಿ ಸವಾಯ್‌ನಲ್ಲಿ ಅಂಥ ಮೊದಲ ಪಟ್ಟನ್ನು ತೋರಿಸಿದ್ದು ವರ್ಷಗಳ ಅಭ್ಯಾಸದ ಮೇಲೆ, ಸ್ಪರ್ಧೆಗಾಗಿ.

ಕಾರ್ಖಾನೆಗಳ ಪ್ರದೇಶವಾದ ಪೀಣ್ಯದ ಮಾತು ಬೇರೆ, ಹೆಚ್ಚು ಕಷ್ಟದ್ದು. ಇಲ್ಲಿಯವರೆಗೆ ಹೇಳಿದ್ದೆಲ್ಲ ಶುಲ್ಕ ಕಟ್ಟಬಲ್ಲವರಿಗೆ ಎಂದು ಯಾರಾದರೂ ಹೇಳಿದರೆ ಒಪ್ಪಲೇಬೇಕು. ತುಮಕೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಇಡೀ ದಿನ ಹೊಲಿಗೆ ಯಂತ್ರದ ಮುಂದೆ ಬಗ್ಗಿ, ಮನೆಗೆ ಹೋಗಿ ಅಡುಗೆ ಮಾಡಬೇಕಾದ ಹೆಣ್ಣುಮಗಳಿಗೆ ಡಾನ್ಸ್ ಕ್ಲಾಸ್ ಎನ್ನುವುದು ಅಣಕದಂತೆ ಕೇಳಿಸೀತು. ಆಕೆಗೆ ಮೊದಲು ಬೇಕಾದದ್ದು ತಕ್ಕ ಕೂಲಿ, ಹೊತ್ತಿಗೆ ಸರಿಯಾಗಿ ಬಿಡುವ ಪಾಳಿ. ಆದರೆ ಕೂಲಿ ಸಿಗುವವರೆಗೆ ಸಂತೋಷ ಕಾಯಲಿ ಎಂದು ಅವರ ಪರವಾಗಿ ತೀರ್ಮಾನಿಸುವ ಅಧಿಕಾರ ನಮಗಿಲ್ಲ. ರಾಜ್ಯೋತ್ಸವ, ಆಯುಧಪೂಜೆ ಬಂದರೆ ಕಾರ್ಖಾನೆಗಳಲ್ಲಿ ಕಾರ್ಮಿಕರು ಹುರುಪಿನಿಂದ ಕುಣಿಯುತ್ತಾರೆ. ಆಸೆಯೂ ಸಾಮರ್ಥ್ಯವೂ ಇವೆ. ಅಲ್ಲಿ ಹೆಂಗಸರೇ ಹೆಂಗಸರೊಂದಿಗೆ, ಎರಡೂ ಪಾತ್ರ ಕಲಿತು, ಜೋಡಿ ಬದಲಿಸಿ ಕುಣಿಯಬಹುದು. ಹಾಡು ಕನ್ನಡದ್ದೇ ಆಗಲಿ. ನಾಲ್ಕರ ಲೆಕ್ಕದ ವೇಗದ ಸಿನಿಮಾ ಹಾಡುಗಳಿಗೆ ಈ ಆರರ ಹೆಜ್ಜೆ ಸಲೀಸಾಗಿ ಕೂರುತ್ತದೆ. ಅದು ಪಾಳಿಯ ಒಳಗೇ, ಸಂಬಳ ಕತ್ತರಿಸದೆ, ಬರಲೇಬೇಕೆಂಬ ಒತ್ತಾಯವಿಲ್ಲದೆ ನಡೆಯಬೇಕು. ಇಲ್ಲವಾದರೆ ಅದು ಇನ್ನೊಂದು ದುಡಿಮೆಯಾಗುತ್ತದೆ.

ಮಾಸ್ಟರುಗಳಲ್ಲಿ ಒಂದು ವಿನಂತಿ: ಎಣಿಕೆಯನ್ನು ವಾರಕ್ಕೊಮ್ಮೆಯಾದರೂ ಕನ್ನಡದಲ್ಲಿ ಹೇಳಿ. ಒಂದರಿಂದ ಆರರವರೆಗೆ ಎಣಿಸುತ್ತ ಊರಿಗೆ ಹೊಸದಾಗಿ ಬಂದವರ ನಾಲಿಗೆಗೂ ಅದು ಹತ್ತುತ್ತದೆ. ಎಲೆಕ್ಟ್ರಾನಿಕ್ ಸಿಟಿಗೆ 2013ರಿಂದ ತನ್ನದೇ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವಿದೆ, ಪೀಣ್ಯಕ್ಕೆ ಕೈಗಾರಿಕೆಗಳ ಸಂಘವಿದೆ, ವೈಟ್‌ಫೀಲ್ಡಿನ ಪ್ರತಿ ದೊಡ್ಡ ಅಪಾರ್ಟ್‌ಮೆಂಟಿಗೂ ನಿವಾಸಿಗಳ ಸಂಘವಿದ್ದೇ ಇದೆ. ವಾರಕ್ಕೊಂದು ಸಂಜೆ ಒಂದು ಹಾಲ್ ಬಿಟ್ಟುಕೊಟ್ಟು, ಕಡಿಮೆ ಶುಲ್ಕದಲ್ಲಿ, ಹೊರಗಿನವರಿಗೂ ಪ್ರವೇಶವಿರುವ ತರಗತಿಯೊಂದನ್ನು ನಡೆಸುವುದು ಇವರಿಗೆ ಭಾರವಲ್ಲ. ಹಾಗೆ ನಡೆಸುವಾಗ ಜೋಡಿ ಬದಲಾವಣೆಯ ನಿಯಮವನ್ನು ಮಾತ್ರ ಯಾರ ಸಂಕೋಚಕ್ಕೂ ಕೈಬಿಡಬೇಡಿ. ಬೇಡವೆನ್ನುವವರು ಸುತ್ತಿನ ಹೊರಗೆ ನಿಂತು ಕಲಿಯಲಿ, ಅವರಿಗೂ ಜಾಗ ಕೊಡಿ. ಸುತ್ತು ಮಾತ್ರ ನಡೆಯುತ್ತಿರಲಿ.